ಹಾಲುಣಿಸುವ ತಾಯಂದಿರಲ್ಲಿ ಮೊಲೆತೊಟ್ಟಿನ ನೋವು: ಕಾರಣಗಳು ಮತ್ತು ಪರಿಹಾರ

ಜಮಖಂಡಿ ತಾಲ್ಲೂಕಿನ ಸಾವಳಗಿ ಹಾಗೂ ಸುತ್ತಲಿನ ಗ್ರಾಮಗಳ ಬಾಣಂತಿಯರು ಮತ್ತು ಅವರ ಕುಟುಂಬದವರ ಮಾಹಿತಿಗಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

ಹೆರಿಗೆಯ ನಂತರದ ಮೊದಲ ವಾರದಲ್ಲಿ ಮಗು ಹಾಲು ಕುಡಿಯಲು ಆರಂಭಿಸಿದಾಗ ತೊಟ್ಟಿನಲ್ಲಿ ಕೆಲವು ಕ್ಷಣ ನೋವು ಕಾಣಿಸುವುದು ಸಾಮಾನ್ಯ. ಆದರೆ ಹಾಲುಣಿಸುವಷ್ಟು ಹೊತ್ತೂ ನೋವಿರುವುದು, ತೊಟ್ಟು ಬಿರುಕು ಬಿಡುವುದು ಅಥವಾ ರಕ್ತ ಒಸರುವುದು ಸಹಜವಲ್ಲ. ಸಂಕೋಚದಿಂದ ಯಾರಿಗೂ ತಿಳಿಸದೆ ಸಹಿಸಿಕೊಂಡು, ಕೊನೆಗೆ ಹಾಲುಣಿಸುವುದನ್ನೇ ನಿಲ್ಲಿಸುವ ತಾಯಂದಿರಿದ್ದಾರೆ. ಮೊದಲ 6 ತಿಂಗಳು ಎದೆಹಾಲನ್ನು ಮಾತ್ರ ಪಡೆಯಬೇಕಾದ ಶಿಶುವಿಗೆ ಇದರಿಂದ ಹಾನಿಯಾಗುತ್ತದೆ. ಕಾರಣ ತಿಳಿದಲ್ಲಿ ಬಹುತೇಕ ನೋವನ್ನು ನಿವಾರಿಸಬಹುದಾಗಿದೆ.

ಪ್ರಮುಖ ಕಾರಣಗಳು ಮತ್ತು ಪರಿಹಾರ

1. ಮಗು ಸರಿಯಾಗಿ ಬಾಯಿ ಹಾಕದಿರುವುದು: ಇದು ಅತ್ಯಂತ ಸಾಮಾನ್ಯ ಕಾರಣ. ಮಗು ತೊಟ್ಟನ್ನು ಮಾತ್ರ ಚೀಪಿದರೆ ಗಾಯವಾಗುತ್ತದೆ. ಮಗುವಿನ ಬಾಯಿ ಅಗಲವಾಗಿ ತೆರೆದು, ಕೆಳತುಟಿ ಹೊರಕ್ಕೆ ಮಡಚಿ, ಗದ್ದ ಎದೆಗೆ ತಾಗಿರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಹೆಚ್ಚಿನ ಅಂಶ ಬಾಯಿಯೊಳಗಿರಬೇಕು. ನೋವಾದಲ್ಲಿ ಮಗುವನ್ನು ಎಳೆಯದೆ, ಅದರ ಬಾಯಿಯ ಅಂಚಿನಲ್ಲಿ ಶುಚಿಯಾದ ಕಿರುಬೆರಳನ್ನಿಟ್ಟು ಬಿಡಿಸಿ, ಪುನಃ ಹಿಡಿಸಬೇಕು.

2. ಹಾಲು ಕಟ್ಟಿ ಎದೆ ಬಿಗಿಯುವುದು: ಕಬ್ಬಿನ ಕೆಲಸಕ್ಕೆ ಅಥವಾ ಮಗ್ಗದ ಕೆಲಸಕ್ಕೆ ಹೋಗಿ ಬಹಳ ಹೊತ್ತು ಹಾಲುಣಿಸದ ತಾಯಂದಿರಲ್ಲಿ ಇದು ಉಂಟಾಗಬಹುದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಯ ಮೇಲಿಟ್ಟು, ಸ್ವಲ್ಪ ಹಾಲನ್ನು ಕೈಯಿಂದ ಹಿಂಡಿ ತೆಗೆದರೆ ಮಗು ಸುಲಭವಾಗಿ ಕುಡಿಯುತ್ತದೆ. ಕುಡಿಸಿದ ನಂತರ ತಣ್ಣೀರಿನ ಬಟ್ಟೆಯನ್ನು ಇಡಬಹುದು. ಹಿಂಡಿದ ಹಾಲನ್ನು ಶುಚಿಯಾದ ಪಾತ್ರೆಯಲ್ಲಿ ಮುಚ್ಚಿ ತಂಪಾದ ಸ್ಥಳದಲ್ಲಿರಿಸಿ, 4 ಗಂಟೆಯೊಳಗೆ ಒಳಲೆ ಅಥವಾ ಚಮಚದಿಂದ ಕುಡಿಸಬಹುದು. ಬಾಟಲಿ ಬಳಸಬಾರದು.

3. ಬಿರುಕು: ಹಾಲುಣಿಸಿದ ನಂತರ ಕೊನೆಯ ಕೆಲವು ಹನಿ ಹಾಲನ್ನು ತೊಟ್ಟಿಗೆ ಸವರಿ, ಗಾಳಿಗೆ ಒಣಗಲು ಬಿಡಬೇಕು. ಪದೇ ಪದೇ ಸಾಬೂನಿನಿಂದ ತೊಳೆಯುವುದು ಚರ್ಮವನ್ನು ಒಣಗಿಸುತ್ತದೆ. ನೋವು ಕಡಿಮೆಯಿರುವ ಕಡೆಯಿಂದ ಮೊದಲು ಹಾಲುಣಿಸುವುದು ಒಳ್ಳೆಯದು. ಹಾಲಿನಲ್ಲಿ ಅಲ್ಪ ರಕ್ತ ಸೇರಿದರೂ ಮಗುವಿಗೆ ತೊಂದರೆಯಿಲ್ಲ.

4. ಶಿಲೀಂಧ್ರ ಸೋಂಕು: ಉರಿ, ಚುಚ್ಚಿದಂತಹ ನೋವು ಹಾಗೂ ಮಗುವಿನ ಬಾಯಿಯಲ್ಲಿ ಒರೆಸಿದರೂ ಹೋಗದ ಬಿಳಿ ಕಲೆಗಳು ಇದರ ಲಕ್ಷಣಗಳು. ತಾಯಿ ಮತ್ತು ಮಗು ಇಬ್ಬರಿಗೂ ಏಕಕಾಲಕ್ಕೆ ಚಿಕಿತ್ಸೆ ಅವಶ್ಯಕ.

5. ಎದೆಬಾವು: ಎದೆಯ ಒಂದು ಭಾಗ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದಲ್ಲಿ ವಿಳಂಬ ಮಾಡದೆ ವೈದ್ಯರನ್ನು ಕಾಣತಕ್ಕದ್ದು. ಹಾಲುಣಿಸುವುದನ್ನು ನಿಲ್ಲಿಸಿದರೆ ಬಾವು ಹೆಚ್ಚುವ ಸಂಭವವಿದೆ.

ಮಗುವಿನ ನಾಲಗೆಯ ಕೆಳಗಿನ ಪೊರೆ ಗಿಡ್ಡದಾಗಿದ್ದರೂ ನೋವು ಉಳಿಯಬಹುದು. ಇದನ್ನು ವೈದ್ಯರಿಂದ ಪರೀಕ್ಷಿಸಿಕೊಳ್ಳಬೇಕು.

ವಿಶೇಷ ಸೂಚನೆ: ಒಂದೇ ತೊಟ್ಟಿನಲ್ಲಿ ವಾಸಿಯಾಗದ ಹುಣ್ಣು, ತಾನಾಗಿ ಒಸರುವ ರಕ್ತ, ಗಂಟು ಅಥವಾ ತೊಟ್ಟು ಹೊಸದಾಗಿ ಒಳಸೇರಿರುವುದು ಕಂಡುಬಂದಲ್ಲಿ, ಹಾಲುಣಿಸುತ್ತಿರಲಿ ಇಲ್ಲದಿರಲಿ, ಯಾವುದೇ ವಯಸ್ಸಿನ ಮಹಿಳೆಯರು ಕೂಡಲೇ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು.

ದೊರೆಯುವ ಸೇವೆಗಳು

ಆಸ್ಪತ್ರೆಯಲ್ಲಿ ಹೆರಿಗೆಯಾದಲ್ಲಿ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೇ ದಿನಗಳಂದು ಮನೆಗೆ ಭೇಟಿ ನೀಡಬೇಕಾಗಿರುತ್ತದೆ. ಆ ಸಂದರ್ಭದಲ್ಲಿ ಹಾಲುಣಿಸುವ ಕ್ರಮವನ್ನು ತೋರಿಸಿ ಸಲಹೆ ಪಡೆಯಬಹುದು. ತವರುಮನೆಯಲ್ಲಿ ಬಾಣಂತನ ಮಾಡಿಸಿಕೊಳ್ಳುವವರು ಆ ಊರಿನ ಆಶಾ ಕಾರ್ಯಕರ್ತೆಗೆ ಮುಂಚಿತವಾಗಿ ತಿಳಿಸುವುದು ಸೂಕ್ತ. 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಹೆರಿಗೆ ಹಾಗೂ ಹೆರಿಗೆಯ ನಂತರದ ತೊಂದರೆಗಳಿಗೆ ಔಷಧಿ ಮತ್ತು ಪರೀಕ್ಷೆಗಳು ಉಚಿತ. ತಾಯಿ ಕಾರ್ಡ್‌ನೊಂದಿಗೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ, ಅವಶ್ಯವಿದ್ದಲ್ಲಿ ಜಮಖಂಡಿಯ ತಾಲ್ಲೂಕು ಆಸ್ಪತ್ರೆಗೆ ಭೇಟಿ ನೀಡಬಹುದಾಗಿದೆ.

ಬಾಣಂತಿಯು ನೋವು ಹೇಳಿಕೊಂಡಾಗ ಮನೆಯ ಹಿರಿಯರು ಅದನ್ನು ಅಲಕ್ಷಿಸದೆ ಆಕೆಯನ್ನು ಆರೋಗ್ಯ ಕೇಂದ್ರಕ್ಕೆ ಕರೆತರಲು ಕೋರಲಾಗಿದೆ.