ತಾಯಂದಿರ ಮೇಲಣ ಅಪವಾದವೂ ಜೀವಕೋಶದ ಲೆಕ್ಕವೂ

ಮೂರನೆಯ ಮಗುವೂ ಹೆಣ್ಣಾಯಿತೆಂದು ಸೊಸೆಯನ್ನು ಹಳಿಯುವ ಮನೆಗಳು ನಮ್ಮಲ್ಲಿ ಇನ್ನೂ ಇಲ್ಲದಿಲ್ಲ. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಗು ಹುಟ್ಟಿದರೆ, ಬಸುರಿಯಲ್ಲಿ ಗ್ರಹಣವನ್ನು ನೋಡಿದಳೆಂದೋ ಪಥ್ಯವನ್ನು ತಪ್ಪಿದಳೆಂದೋ ತಾಯಿಯ ಮೇಲೆಯೇ ದೋಷವನ್ನು ಹೊರಿಸುವವರೂ ಉಂಟು. ಈ ಎರಡು ಅಪವಾದಗಳಿಗೂ ಉತ್ತರವು ಒಂದೇ ಎಡೆಯಲ್ಲಿ ದೊರೆಯುತ್ತದೆ. ಬರಿಗಣ್ಣಿಗೆ ಕಾಣದ ಜೀವಕೋಶವು ವಿಭಾಗವಾಗುವ ಕ್ರಮದಲ್ಲಿ ಅದು ಅಡಗಿದೆ. ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರೂ ಅಜ್ಜಿಯರೂ ಆಗಿರುವದರಿಂದ, ಈ ವಿಷಯವನ್ನು ಅವರ ಮುಂದೆಯೂ ಪೋಷಕರ ಮುಂದೆಯೂ ಇಡುವದು ಉಚಿತವೆಂದು ನಾವು ಭಾವಿಸುತ್ತೇವೆ.

ನಮ್ಮ ಶರೀರದ ಪ್ರತಿಯೊಂದು ಅಂಗವೂ ಜೀವಕೋಶಗಳಿಂದ ರಚಿತವಾಗಿದೆ. ಇವುಗಳಲ್ಲಿ ಹೆಚ್ಚಿನವುಗಳೊಳಗೆ ಕೋಶಕೇಂದ್ರವೆಂಬ ಚಿಕ್ಕ ಗೋಳವೊಂದಿದ್ದು, ಅದರಲ್ಲಿ ಅತಿ ಸೂಕ್ಷ್ಮವಾದ ಎಳೆಗಳಿರುತ್ತವೆ. ವಾಲ್ಟರ್ ಫ್ಲೆಮಿಂಗ್ ಎಂಬ ಜರ್ಮನ್ ಪಂಡಿತರು ಕೋಶಗಳಿಗೆ ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದಿಂದ ನೋಡಿ, ಕೋಶವು ಎರಡಾಗುವಾಗ ಈ ಎಳೆಗಳು ನಡೆದುಕೊಳ್ಳುವ ರೀತಿಯನ್ನು ೧೮೮೨ರಲ್ಲಿ ವರ್ಣಿಸಿದರು. ಬಣ್ಣವನ್ನು ಚೆನ್ನಾಗಿ ಹೀರಿಕೊಳ್ಳುವ ಕಾರಣ ಇವುಗಳಿಗೆ ೧೮೮೮ರಲ್ಲಿ ಕ್ರೋಮೋಸೋಮ್ ಎಂಬ ಹೆಸರಾಯಿತು; ಕನ್ನಡದಲ್ಲಿ ವರ್ಣತಂತುಗಳೆನ್ನುತ್ತೇವೆ. ಮನುಷ್ಯರಲ್ಲಿ ಇವು ೪೮ ಎಂದು ಬಹುಕಾಲ ನಂಬಿದ್ದರು. ೧೯೫೬ರಲ್ಲಿ ತ್ಯೋ ಮತ್ತು ಲೆವಾನ್ ಎಂಬ ಇಬ್ಬರು ಪಂಡಿತರು ೪೬ ಎಂದು ತೋರಿಸಿಕೊಟ್ಟರು. ಇವುಗಳಲ್ಲಿ ೨೩ ತಾಯಿಯಿಂದಲೂ ೨೩ ತಂದೆಯಿಂದಲೂ ಬಂದವುಗಳು. ಪ್ರತಿಯೊಂದು ವರ್ಣತಂತುವಿನಲ್ಲಿ ಡಿ.ಎನ್.ಎ. ಎಂಬ ನೀಳವಾದ ದ್ರವ್ಯವಿರುತ್ತದೆ. ವಂಶದ ಗುಣಗಳನ್ನು ಬರೆದಿಟ್ಟ ಲಿಪಿಯೇ ಅದು. ಒಂದೇ ಕೋಶದ ಡಿ.ಎನ್.ಎ.ಯನ್ನು ಬಿಡಿಸಿ ತುದಿಗೆ ತುದಿ ಜೋಡಿಸಿದರೆ ಸುಮಾರು ೨ ಮೀಟರು ಉದ್ದವಾಗುವದು.

ಇಲ್ಲಿ ಎರಡು ಲೆಕ್ಕಗಳಿವೆಯೆಂಬದನ್ನು ವಾಚಕರು ಗಮನಿಸಬೇಕು. ವರ್ಣತಂತುಗಳ ಸಂಖ್ಯೆಯು ಒಂದು, ಡಿ.ಎನ್.ಎ.ಯ ಪ್ರಮಾಣವು ಇನ್ನೊಂದು. ಒಂದು ಇಮ್ಮಡಿಯಾದಾಗ ಮತ್ತೊಂದೂ ಇಮ್ಮಡಿಯಾಗಬೇಕೆಂದು ಎಣಿಸಿ ವಿದ್ಯಾರ್ಥಿನಿಯರು ತೊಡಕಿಗೆ ಸಿಕ್ಕುತ್ತಾರೆ. ಇದಕ್ಕೆ ಒಂದು ಉಪಮಾನವನ್ನು ಕೊಡುವೆವು. ಒಂದು ಭಂಡಾರದಲ್ಲಿ ಓಲೆಗರಿಯ ೪೬ ಕಟ್ಟುಗಳಿವೆಯೆನ್ನೋಣ. ಲಿಪಿಕಾರನು ಪ್ರತಿಯೊಂದನ್ನೂ ನಕಲು ಮಾಡಿ, ನಕಲನ್ನು ಮೂಲದೊಡನೆಯೇ ಒಂದೇ ದಾರದಿಂದ ಬಿಗಿಯುತ್ತಾನೆ. ಆಗ ಬರವಣಿಗೆಯು ಇಮ್ಮಡಿಯಾಯಿತು. ಕಟ್ಟುಗಳಾದರೋ ೪೬ ಆಗಿಯೇ ಉಳಿದವು. ದಾರವನ್ನು ಕತ್ತರಿಸಿದ ಕ್ಷಣದಲ್ಲಿ ಮಾತ್ರ ಅವು ೯೨ ಆಗುವವು. ವರ್ಣತಂತುವಿನಲ್ಲಿ ಈ ದಾರದ ಸ್ಥಾನಕ್ಕೆ ಸೆಂಟ್ರೋಮಿಯರ್ ಎಂದು ಹೆಸರು. ಎಣಿಸುವವರು ಅದನ್ನೇ ಎಣಿಸುತ್ತಾರೆ.

ಈಗ ಸಾಧಾರಣ ಕೋಶದ ವಿಭಜನೆಯನ್ನು ನೋಡೋಣ. ಇದಕ್ಕೆ ಮೈಟೋಸಿಸ್ ಎನ್ನುವರು. ವೀರ್ಯಾಣುವಿನಲ್ಲಿರುವ ಡಿ.ಎನ್.ಎ.ಯನ್ನು ಒಂದು ಪಾಲೆಂದು ಇಟ್ಟುಕೊಂಡರೆ, ಚರ್ಮದ ಕೋಶವೊಂದರಲ್ಲಿ ಮೊದಲು ೪೬ ವರ್ಣತಂತುಗಳೂ ಎರಡು ಪಾಲು ಡಿ.ಎನ್.ಎ.ಯೂ ಇರುತ್ತವೆ. ವಿಭಾಗಕ್ಕೆ ಮುಂಚೆ ನಕಲು ನಡೆದು ಪಾಲುಗಳು ನಾಲ್ಕಾಗುತ್ತವೆ, ಸಂಖ್ಯೆಯು ೪೬ ಆಗಿಯೇ ನಿಲ್ಲುತ್ತದೆ. ಬಳಿಕ ಜೊತೆಗಳು ಬಿಡಿಸಿಕೊಂಡು ಕ್ಷಣಕಾಲ ೯೨ ಆಗಿ, ೪೬ ಒಂದು ಕಡೆಗೂ ೪೬ ಇನ್ನೊಂದು ಕಡೆಗೂ ಸರಿಯುತ್ತವೆ. ಕೊನೆಗೆ ಹುಟ್ಟುವ ಎರಡು ಕೋಶಗಳಲ್ಲಿ ಪ್ರತಿಯೊಂದಕ್ಕೂ ೪೬ ವರ್ಣತಂತುಗಳು, ಎರಡು ಪಾಲು ಡಿ.ಎನ್.ಎ.; ಮೊದಲಿನಂತೆಯೇ. ನೀರಿನ ಮೇಲಿಟ್ಟ ಈರುಳ್ಳಿಯ ಬೇರಿನ ತುದಿಯನ್ನು ಸೂಕ್ಷ್ಮದರ್ಶಕದಿಂದ ನೋಡಿದ ವಿದ್ಯಾರ್ಥಿನಿಯರಿಗೆ ಈ ದೃಶ್ಯವು ಪರಿಚಿತವು. ಅಲ್ಲಿ ಲೆಕ್ಕವು ೧೬, ಬೇರ್ಪಡುವಾಗ ೩೨.

ಆದರೆ ಅಂಡಾಣುವೂ ವೀರ್ಯಾಣುವೂ ಹೀಗೆಯೇ ಹುಟ್ಟಿದರೆ ಏನಾಗುವದು? ೪೬ಕ್ಕೆ ೪೬ ಕೂಡಿ ಮಗುವಿನಲ್ಲಿ ೯೨, ಮೊಮ್ಮಗುವಿನಲ್ಲಿ ೧೮೪ ಎಂದು ಸಂಖ್ಯೆಯು ಬೆಳೆಯುತ್ತಲೇ ಹೋಗುವದು. ಹಾಗಾಗದಂತೆ ಮಿಯೋಸಿಸ್ ಎಂಬ ಬೇರೊಂದು ವಿಭಜನೆಯುಂಟು. ಇದರಲ್ಲಿ ನಕಲು ಒಂದೇ ಸಲ, ವಿಭಾಗವು ಎರಡು ಸಲ. ನಕಲಾದ ಮೇಲೆ ತಾಯಿಯಿಂದ ಬಂದ ಪ್ರತಿಯೊಂದು ತಂತುವೂ ತಂದೆಯಿಂದ ಬಂದ ತನ್ನ ಸಮಾನ ತಂತುವಿನ ಪಕ್ಕಕ್ಕೆ ಬಂದು, ಕೆಲವು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತದೆ. ಮೊದಲನೆಯ ವಿಭಾಗದಲ್ಲಿ ಈ ಸಂಗಾತಿಗಳು ಅಗಲುತ್ತವೆ. ಒಂದೊಂದು ಕೋಶಕ್ಕೆ ೨೩ ತಂತುಗಳು, ಆದರೆ ನಕಲುಗಳು ಇನ್ನೂ ಕಟ್ಟಿನಲ್ಲಿಯೇ ಇರುವದರಿಂದ ಡಿ.ಎನ್.ಎ. ಎರಡು ಪಾಲು. ಎರಡನೆಯ ವಿಭಾಗದಲ್ಲಿ ಕಟ್ಟು ಬಿಚ್ಚುತ್ತದೆ. ತಂತುಗಳು ೨೩, ಡಿ.ಎನ್.ಎ. ಒಂದು ಪಾಲು. ಯಾವ ಸಂಗಾತಿಯು ಯಾವ ಕಡೆಗೆ ಹೋಗುವದೆಂಬದು ಕೇವಲ ಆಕಸ್ಮಿಕವು. ತುಣುಕುಗಳ ಅದಲುಬದಲನ್ನು ಬಿಟ್ಟರೂ ೮೩,೮೮,೬೦೮ ಬಗೆಯ ಹಂಚಿಕೆಗಳು ಸಾಧ್ಯ. ಒಡಹುಟ್ಟಿದವರು ಒಬ್ಬರಂತೆ ಒಬ್ಬರಿಲ್ಲದಿರುವದಕ್ಕೆ ಇದೇ ಕಾರಣವು.

ಇನ್ನು ಮೊದಲನೆಯ ಅಪವಾದಕ್ಕೆ ಬರೋಣ. ಅಮೇರಿಕೆಯ ಬ್ರಿನ್ ಮಾರ್ ಎಂಬ ಸ್ತ್ರೀಯರ ಕಾಲೇಜಿನಲ್ಲಿದ್ದ ಮಿಸ್ ನೆಟ್ಟಿ ಸ್ಟೀವನ್ಸ್ ಎಂಬ ವಿದುಷಿಯು ಹಿಟ್ಟಿನಲ್ಲಿ ಬೆಳೆಯುವ ಒಂದು ಬಗೆಯ ಹುಳುವನ್ನು ಪರೀಕ್ಷಿಸಿ, ಹೆಣ್ಣಿನಲ್ಲಿ ೨೦ ದೊಡ್ಡ ತಂತುಗಳೂ, ಗಂಡಿನಲ್ಲಿ ೧೯ ದೊಡ್ಡವೂ ಒಂದು ಚಿಕ್ಕದೂ ಇರುವವೆಂದು ೧೯೦೫ರಲ್ಲಿ ಪ್ರಕಟಿಸಿದರು. ಆ ಚಿಕ್ಕ ತಂತುವು ಅರ್ಧದಷ್ಟು ವೀರ್ಯಾಣುಗಳಿಗೆ ಮಾತ್ರ ದೊರೆಯುತ್ತದೆ. ಮನುಷ್ಯರಲ್ಲಿಯೂ ಹಾಗೆಯೇ. ತಾಯಿಯಲ್ಲಿ ಎರಡು ಎಕ್ಸ್ ತಂತುಗಳು. ಆದುದರಿಂದ ಅವಳು ಕೊಡಬಲ್ಲದ್ದು ಎಕ್ಸ್ ಒಂದನ್ನೇ. ತಂದೆಯಲ್ಲಿ ಎಕ್ಸ್ ಒಂದು, ವೈ ಒಂದು. ಆತನಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಹಾಗಾದರೆ ಗಂಡನನ್ನು ಹಳಿಯೋಣವೇ? ಅದೂ ಸಲ್ಲದು, ಯಾಕಂದರೆ ಯಾವ ವೀರ್ಯಾಣುವು ಮುಂದಾಗುವದೆಂಬದು ಆತನ ಇಚ್ಛೆಗೂ ಒಳಪಟ್ಟದ್ದಲ್ಲ. ಸೊಸೆಯನ್ನು ಹಳಿಯುವದಂತೂ ಶುದ್ಧ ಅಜ್ಞಾನವೇ ಸರಿ.

ಎರಡನೆಯ ಅಪವಾದವನ್ನು ತಿಳಿಯುವದಕ್ಕೆ ಒಂದು ಆಶ್ಚರ್ಯಕರ ಸಂಗತಿಯನ್ನು ಅರಿಯಬೇಕು. ಹೆಣ್ಣು ಶಿಶುವು ಗರ್ಭದಲ್ಲಿರುವಾಗಲೇ ಅದರ ಅಂಡಕೋಶಗಳು ನಕಲನ್ನು ಮುಗಿಸಿ, ನಾಲ್ಕು ಪಾಲು ಡಿ.ಎನ್.ಎ.ಯನ್ನು ಹೊತ್ತು, ಮೊದಲನೆಯ ವಿಭಾಗದ ನಡುವೆ ತಟಸ್ಥವಾಗಿ ನಿಂತುಬಿಡುತ್ತವೆ. ಹುಡುಗಿಯು ದೊಡ್ಡವಳಾದ ಮೇಲೆ ತಿಂಗಳಿಗೆ ಸಾಧಾರಣವಾಗಿ ಒಂದರಂತೆ ಅವು ಎಚ್ಚತ್ತು ಮುಂದುವರಿಯುತ್ತವೆ. ಎರಡನೆಯ ವಿಭಾಗವು ಪೂರ್ಣವಾಗುವದು ವೀರ್ಯಾಣುವು ಸೇರಿದ ಮೇಲೆಯೇ. ಕೆಲವು ಅಂಡಕೋಶಗಳು ಹೀಗೆ ೪೦ ವರ್ಷಗಳಿಗೂ ಮಿಕ್ಕಿ ಕಾದಿರುತ್ತವೆ. ಅಷ್ಟು ದೀರ್ಘಕಾಲದಲ್ಲಿ ತಂತುಗಳನ್ನು ಹಿಡಿದಿಡುವ ಬಂಧನವು ಸಡಿಲವಾಗಿ, ಯಾವದಾದರೂ ಒಂದು ಜೊತೆಯು ಸರಿಯಾಗಿ ಅಗಲದೆ ಎರಡೂ ಒಂದೇ ಕಡೆಗೆ ಹೋಗುವ ಸಂಭವವುಂಟು. ೨೧ನೆಯ ತಂತುವಿಗೆ ಹೀಗಾದರೆ ಮಗುವಿನಲ್ಲಿ ೪೭ ತಂತುಗಳಾಗುವವು. ಡೌನ್ ಸಿಂಡ್ರೋಮ್ ಎಂಬ ಸ್ಥಿತಿಗೆ ಈ ಹೆಚ್ಚಿನ ತಂತುವೇ ಕಾರಣವೆಂದು ೧೯೫೯ರಲ್ಲಿ ಫ್ರಾನ್ಸಿನ ಲೆಜೂನ್, ಕುಮಾರಿ ಮಾರ್ತ್ ಗೋತಿಯೆ ಮತ್ತು ಟುರ್ಪಾ ಎಂಬವರು ತಿಳಿಸಿದರು. ತಾಯಿಯ ವಯಸ್ಸು ೪೦ ಆದಾಗ ಇದು ಸುಮಾರು ೧೦೦ ಹೆರಿಗೆಗಳಲ್ಲಿ ಒಂದರಲ್ಲಿ ಕಾಣಬಹುದು. ಎಳೆಯ ತಾಯಂದಿರಲ್ಲಿ ಬಹಳ ವಿರಳವಾದರೂ ಇಲ್ಲದಿಲ್ಲ. ತಂದೆಯ ಕಡೆಯಿಂದ ಈ ವ್ಯತ್ಯಾಸವು ಬರುವದೂ ಉಂಟು. ಇದರಲ್ಲಿ ಗ್ರಹಣದ ಪಾತ್ರವಾಗಲಿ ಪಥ್ಯದ ಪಾತ್ರವಾಗಲಿ ಇಲ್ಲ. ತಾಯಿಯ ಅಪರಾಧವು ಎಳ್ಳಷ್ಟೂ ಇಲ್ಲ.

ಇಂಥ ಲೆಕ್ಕಗಳನ್ನು ಬಿಡಿಸಿದವರಲ್ಲಿ ನಮ್ಮ ನೆರೆನಾಡಿನ ಮಹಿಳೆಯೊಬ್ಬರೂ ಇರುವದು ಸಂತೋಷದ ಸಂಗತಿ. ೧೮೯೭ರಲ್ಲಿ ತಲಚೇರಿಯಲ್ಲಿ ಜನಿಸಿದ ಡಾಕ್ಟರ್ ಇ. ಕೆ. ಜಾನಕಿ ಅಮ್ಮಾಳ್ ಅವರು ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಉಪಾಧ್ಯಾಯಿನಿಯಾಗಿದ್ದು, ಮುಂದೆ ಕೊಯಮುತ್ತೂರಿನಲ್ಲಿ ಕಬ್ಬಿನ ವರ್ಣತಂತುಗಳನ್ನು ಅಭ್ಯಾಸ ಮಾಡಿ, ಸಾಗುವಳಿ ಸಸ್ಯಗಳ ವರ್ಣತಂತುಗಳ ಬೃಹತ್ತಾದ ಪಟ್ಟಿಯನ್ನು ಡಾರ್ಲಿಂಗ್ಟನ್ ಅವರೊಡನೆ ಸೇರಿ ೧೯೪೫ರಲ್ಲಿ ಪ್ರಕಟಿಸಿದರು.

ಆದಕಾರಣ ನಮ್ಮ ಸಹೋದರಿಯರಲ್ಲಿಯೂ ಪೋಷಕರಲ್ಲಿಯೂ ನಾವು ಬೇಡುವದಿಷ್ಟೇ. ಬಾಣಂತಿಯ ಕೋಣೆಯಲ್ಲಿ ಯಾರಾದರೂ ನಿಂದೆಯ ಮಾತನ್ನೆತ್ತಿದರೆ, ಸುಮ್ಮನಿರದೆ ಈ ಲೆಕ್ಕವನ್ನು ಮೃದುವಾಗಿ ತಿಳಿಯಹೇಳಿರಿ. ಹೆಣ್ಣು ಮಗುವನ್ನು ಹೆತ್ತವಳೂ, ೪೭ ತಂತುಗಳ ಮಗುವನ್ನು ಎದೆಗಪ್ಪಿಕೊಂಡವಳೂ ಆ ದಿನ ತಲೆ ತಗ್ಗಿಸದೆ ಕೂತರೆ, ಶಾಲೆಯಲ್ಲಿ ಕಲಿತ ವಿದ್ಯೆಯು ಸಾರ್ಥಕವಾಯಿತೆಂದೇ ತಿಳಿಯುವೆವು.