ಬದುವಿನ ಮರವೂ ಗರಗಸದ ಪುಡಿಯೂ

ಕೆಂಗೇರಿಯ ಸುತ್ತಿನ ಹೊಲಗಳ ಬದುಗಳಲ್ಲಿ ಬೆಳೆದ ಹಲಸು, ಸಿಲ್ವರ್ ಓಕ್, ಹೆಬ್ಬೇವು ಮೊದಲಾದ ಮರಗಳು ಬಾಗಿಲವಾಡ, ಕಿಟಕಿ, ಕದಗಳ ಕೆಲಸಕ್ಕಾಗಿ ಮೈಸೂರು ರಸ್ತೆಯ ಮರದ ಅಂಗಡಿಗಳಿಗೂ ಗರಗಸದ ಕಾರ್ಖಾನೆಗಳಿಗೂ ಹೋಗುವುದುಂಟು. ಹಾಗೆ ಹೋದ ದಿಮ್ಮಿಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗವೇ ಹಲಗೆಯಾಗಿ, ಮಿಕ್ಕದ್ದು ತೊಗಟೆಯ ಸೀಳು, ತುಂಡು, ಪುಡಿಗಳಾಗುವುದು. ಈ ನಷ್ಟವು ಕಾರ್ಖಾನೆಯವರದೆಂದು ಜಮೀನ್ದಾರರು ಎಣಿಸಬಾರದು. ವ್ಯಾಪಾರಿಯು ಮರಕ್ಕೆ ಬೆಲೆ ಕಟ್ಟುವಾಗಲೇ ಅದನ್ನು ಕಳೆದಿರುತ್ತಾನೆ.

ನಷ್ಟದ ಒಂದು ಪಾಲು ಹೊಲದಲ್ಲಿಯೇ ಆರಂಭವಾಗುವುದು. 7 ಅಡಿಯ ನಿಲುವು ಬೇಕಾದ ಕಡೆಗೆ 6½ ಅಡಿಯ ದಿಮ್ಮಿಯನ್ನು ಕಳುಹಿಸಿದರೆ ಅದು ಸೌದೆಯ ಬೆಲೆಗೆ ಇಳಿಯುವುದು. ಆದಕಾರಣ ಅಳತೆಯನ್ನು ಮೊದಲೇ ಕೇಳಿ ತಿಳಿದು ಕೊಯ್ಯಿಸತಕ್ಕದ್ದು.

ಹಸಿಮರದಿಂದ ಮಾಡಿದ ಬಾಗಿಲವಾಡವು ಬೇಸಗೆಯಲ್ಲಿ ಸೆಟೆದು, ಕೀಲು ಬಿಟ್ಟು, ಕಡೆಗೆ ಒಲೆಗೆ ಸೇರುವುದು. ಮರದ ತೇವವು ಅದರ ಒಣತೂಕದ ಸುಮಾರು ನೂರಕ್ಕೆ 30ಕ್ಕಿಂತ ಕಡಿಮೆಯಾದ ಮೇಲೆಯೇ ಕುಗ್ಗುವಿಕೆಯು ತೊಡಗುವುದರಿಂದ, ಆ ಕುಗ್ಗುವಿಕೆಯು ಕೆಲಸಕ್ಕೆ ಮೊದಲೇ ಮುಗಿಯುವಂತೆ ಮಾಡಬೇಕು. ಹಲಗೆಗಳನ್ನು ನೆರಳಿನಲ್ಲಿ, ನೆಲದಿಂದ ಎತ್ತರಿಸಿ, ನಡುವೆ ಒಂದೇ ದಪ್ಪದ ಪಟ್ಟಿಗಳನ್ನು ಒಂದರ ಮೇಲೊಂದು ನೇರವಾಗಿ ಬರುವಂತೆ ಇಟ್ಟು ಪೇರಿಸಿ, ತುದಿಗಳಿಗೆ ಡಾಂಬರನ್ನಾಗಲಿ ಬಣ್ಣವನ್ನಾಗಲಿ ಬಳಿದರೆ ಸೀಳುವುದು ಬಹಳ ಕಡಿಮೆಯಾಗುವುದು. (ನೀಲಗಿರಿಯು ಒಳಬಿಗಿತದಿಂದ ಕೊಯ್ದೊಡನೆಯೇ ಸೀಳುವುದು, ಅದಕ್ಕೆ ಪೇರಿಸುವವನನ್ನು ದೂರಬೇಕಾಗಿಲ್ಲ.) ಮರವನ್ನು ಹದಗೊಳಿಸುವ ವಿಚಾರದಲ್ಲಿ, 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿದ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನು ವಿಚಾರಿಸಬಹುದು.

ಇನ್ನು ಗರಗಸದ ಪುಡಿ. ಇದನ್ನು ವೃಷಭಾವತಿಯ ದಂಡೆಯಲ್ಲಿ ಸುರಿದರೆ, ಮಳೆಯಲ್ಲಿ ಕೊಚ್ಚಿ ನೀರಿಗಿಳಿದು ಕೊಳೆತು, ಮೊದಲೇ ಕೆಟ್ಟಿರುವ ಆ ಹೊಳೆಯ ನೀರಿನ ಪ್ರಾಣವಾಯುವನ್ನು ಇನ್ನಷ್ಟು ಹೀರುವುದು. ಪುಕ್ಕಟೆಯಾಗಿ ಸಿಕ್ಕಿತೆಂದು ಹಸಿಪುಡಿಯನ್ನೇ ಹೊಲಕ್ಕೆ ಹರಡುವವರೂ ಉಂಟು, ಇದು ತಪ್ಪು. ಪುಡಿಯಲ್ಲಿ ಇಂಗಾಲವು ಅತ್ಯಧಿಕ, ಸಾರಜನಕವು ಅತ್ಯಲ್ಪ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಕಬಳಿಸುವುದರಿಂದ ರಾಗಿಯ ಪೈರು ಹಳದಿಗೆ ತಿರುಗುವುದು. ಅದರ ಬದಲು ಕೊಟ್ಟಿಗೆಯಲ್ಲಿ ಹಾಸಿ, ಗಂಜಲವನ್ನು ಹೀರಿದ ಮೇಲೆ ಸಗಣಿ, ಹಸಿರೆಲೆಗಳೊಡನೆ ಗುಂಡಿಗೆ ಹಾಕಿ, ತೇವವಿಟ್ಟು, ಆಗಾಗ ತಿರುವಿ, ಮರದ ವಾಸನೆ ಹೋಗಿ ಕಪ್ಪಾಗುವವರೆಗೂ ಕಾಯಬೇಕು.

ಎಲ್ಲಾ ಪುಡಿಯೂ ಇದಕ್ಕೆ ಸಲ್ಲದು. ಪ್ಲೈವುಡ್ಡಿನ ಪುಡಿಯಲ್ಲಿ ಅಂಟು ಸೇರಿರುವುದು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳನ್ನು ಊಡಿದ ಹಸಿರು ಛಾಯೆಯ ಮರದ ಪುಡಿಯನ್ನಾಗಲಿ ತುಂಡನ್ನಾಗಲಿ ಕೊಟ್ಟಿಗೆಗೂ ಗುಂಡಿಗೂ ಒಲೆಗೂ ಹಾಕಲೇಕೂಡದು. ಸುಟ್ಟರೂ ಆರ್ಸೆನಿಕ್ ನಾಶವಾಗದೆ ಹೊಗೆಯಲ್ಲಿಯೂ ಬೂದಿಯಲ್ಲಿಯೂ ಉಳಿಯುವುದು. ಇವನ್ನು ಬೇರೆಯಾಗಿ ರಾಶಿ ಹಾಕುವ ಕಾರ್ಖಾನೆಯಿಂದ ಮಾತ್ರವೇ ಪುಡಿಯನ್ನು ತರತಕ್ಕದ್ದು.