ಅರಳಿಕಟ್ಟೆಯಲ್ಲಿ ಕೂತು ಬರೆಯುವವರು

ಕಿತ್ತೂರು ಚೆನ್ನಮ್ಮ ತೀರಿಕೊಂಡದ್ದು ಬೈಲಹೊಂಗಲದ ಸೆರೆಯಲ್ಲಿ, 1829ರ ಫೆಬ್ರುವರಿಯಲ್ಲಿ. ಇಷ್ಟರ ಬಗ್ಗೆ ತಕರಾರಿಲ್ಲ. ತಾರೀಖಿನ ಮಾತು ಬಂದಾಗ ಮಾತ್ರ ಕೆಲವು ಪುಸ್ತಕ 2 ಎನ್ನುತ್ತವೆ, ಕೆಲವು 21. ಒಬ್ಬನೇ ಕೂತು ಪುಸ್ತಕ ಬರೆಯುವವನಿಗೆ ಇದು ದೊಡ್ಡ ತೊಡಕಲ್ಲ. ತನಗೆ ಸರಿಕಂಡದ್ದನ್ನು ಬರೆದು ಮುಂದಿನ ಪುಟಕ್ಕೆ ಹೋಗುತ್ತಾನೆ. ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು ಎನ್ನುವ ಕಡೆ ಏನು ಮಾಡುವುದು? ಒಬ್ಬರು ಬೆಳಗ್ಗೆ 2 ಎಂದು ಬರೆದದ್ದನ್ನು ಸಂಜೆಗೆ ಇನ್ನೊಬ್ಬರು 21 ಮಾಡಿದರೆ?

ಕನ್ನಡ ವಿಕಿಪೀಡಿಯ ಅಂಥ ಜಾಗ. ಇಂಗ್ಲಿಷಿನಲ್ಲಿ 2001ರ ಜನವರಿಯಲ್ಲಿ ಹುಟ್ಟಿದ ಈ ವಿಶ್ವಕೋಶ ಕನ್ನಡಕ್ಕೆ ಬಂದದ್ದು 2003ರ ಜೂನ್‌ನಲ್ಲಿ. ಈಗ ಇದರಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರು 4 ಕೋಟಿ 37 ಲಕ್ಷ. ಆ ಲೆಕ್ಕಕ್ಕೆ ಇದು ತೀರ ಸಣ್ಣ ಫಸಲು. ಆದರೆ ಈ ಹೊಲಕ್ಕೆ ಕೂಲಿಯಾಳು ಇಲ್ಲ, ಗೌಡನೂ ಇಲ್ಲ. ಬರೆಯುವವರಿಗೆ ಸಂಬಳವಿಲ್ಲ, ಇಂಥದ್ದನ್ನೇ ಬರೆ ಎಂದು ಹೇಳುವ ಸಂಪಾದಕನಿಲ್ಲ.

ತಾರೀಖಿನ ಜಗಳಕ್ಕೆ ಅಲ್ಲಿನ ಉತ್ತರ ಹೀಗೆ: ನಿನಗೇನು ಗೊತ್ತು ಎನ್ನುವುದು ಬೇಡ, ಅಚ್ಚಾದ ಆಧಾರ ತೋರಿಸು. ಎರಡಕ್ಕೂ ನಂಬುವಂಥ ಆಧಾರವಿದ್ದರೆ ಎರಡನ್ನೂ ಬರೆ, ಯಾವುದು ಎಲ್ಲಿಂದ ಬಂತೆಂದು ಹೇಳು. ಅಷ್ಟಕ್ಕೂ ಮುಗಿಯದಿದ್ದರೆ ಪ್ರತಿ ಲೇಖನದ ಬೆನ್ನಿಗೂ ಒಂದು ಚರ್ಚೆಪುಟ ಇದೆ. ಒಟ್ಟು ವಿಶ್ವಕೋಶದ ನ್ಯಾಯ ಪಂಚಾಯ್ತಿ ನಡೆಯುವ ಪುಟಕ್ಕೆ ಕನ್ನಡದವರು ಇಟ್ಟ ಹೆಸರು ‘ಅರಳಿ ಕಟ್ಟೆ’. ಇಂಗ್ಲಿಷಿನವರು ಅದನ್ನು ಊರ ನೀರಿನ ಪಂಪು ಎಂದು ಕರೆದುಕೊಂಡಿದ್ದಾರೆ. ಮಾತಾಡಲು ನಮ್ಮ ಕಟ್ಟೆಯೇ ಮೇಲು, ನೆರಳಾದರೂ ಇದೆ.

ಲೇಖನದ ಕೆಳಗೆ ಯಾರ ಹೆಸರೂ ಇರುವುದಿಲ್ಲ. ಆದರೆ ‘ಇತಿಹಾಸ’ ಎಂಬಲ್ಲಿ ಒತ್ತಿದರೆ ಒಂದು ಅಲ್ಪವಿರಾಮ ಸೇರಿಸಿದವರ ಬಳಕೆದಾರ ಹೆಸರೂ ಗಂಟೆ ನಿಮಿಷದ ಸಮೇತ ಸಿಗುತ್ತದೆ. ಗೀಗೀ ಪದ ಕಟ್ಟಿದ ಕವಿ ಕೊನೆಯ ನುಡಿಯಲ್ಲಿ ತನ್ನ ಊರು, ಗುರುವಿನ ಹೆಸರು ಸೇರಿಸಿ ಅಂಕಿತ ಹಾಕುತ್ತಾನಲ್ಲ, ಇಲ್ಲಿ ಆ ಅಂಕಿತ ಪದದೊಳಗಿಲ್ಲ, ಹಿಂಬದಿಯ ವಹಿಯಲ್ಲಿದೆ. ಬರಹವನ್ನು ಯಾರಾದರೂ ಬಳಸಬಹುದು, ಅಚ್ಚುಹಾಕಿ ಮಾರಲೂಬಹುದು. ಕರ್ತೃಗಳನ್ನು ನೆನೆಯಬೇಕು, ತಾವು ಮಾಡಿದ್ದನ್ನೂ ಹಾಗೆಯೇ ಬಿಟ್ಟುಕೊಡಬೇಕು ಎನ್ನುವುದು ಅದರ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಕರಾರು.

ಹೀಗೆ ಕೂಡಿ ಬರೆಯುವುದನ್ನು ಮುಯ್ಯಾಳಿಗೆ ಹೋಲಿಸುವ ಆಸೆಯಾಗುತ್ತದೆ. ಹೋಲಿಕೆ ನಿಲ್ಲುವುದಿಲ್ಲ. ಮುಯ್ಯಾಳಿನಲ್ಲಿ ನಾನು ನಿನ್ನ ಹೊಲ ಹರಗಿದರೆ ನೀನು ನನ್ನದಕ್ಕೆ ಬರಲೇಬೇಕು. ಇಲ್ಲಿ ಯಾರೂ ಯಾರಿಗೂ ಬಾಕಿಯಿಲ್ಲ. ನನಗೆ ಹತ್ತಿರವೆನಿಸುವುದು ಸವದತ್ತಿಯ ಎಲ್ಲಮ್ಮನ ಗುಡ್ಡ. ಭಾರತ ಹುಣ್ಣಿಮೆಗೆ ಬರುವ ಮಂದಿಯನ್ನು ಯಾರೂ ಕರೆದಿರುವುದಿಲ್ಲ. ಅವರವರ ಹರಕೆ, ಅವರವರ ಒಲೆ, ಅವರವರ ಪಡ್ಡಲಗಿ. ಪಕ್ಕದ ಚಕ್ಕಡಿಯವರ ಪರಿಚಯವೂ ಇರುವುದಿಲ್ಲ. ಆದರೂ ಅಷ್ಟೂ ಸೇರಿಯೇ ಜಾತ್ರೆ. ವಿಕಿಪೀಡಿಯಕ್ಕೆ ಬರುವವರೂ ಹಾಗೇ ತಮ್ಮ ತಮ್ಮ ಹುಚ್ಚು ಹೊತ್ತು ಬಂದವರು: ಒಬ್ಬರಿಗೆ ಹಕ್ಕಿ, ಒಬ್ಬರಿಗೆ ಹಳೆಯ ಸಿನಿಮಾ, ಮತ್ತೊಬ್ಬರಿಗೆ ಬರೀ ಕಾಗುಣಿತ. ಏನು ಬರೆಯಬೇಕು ಎಂಬಲ್ಲಿ ಪೂರಾ ಸ್ವಂತಿಕೆ. ಹೇಗೆ ಬರೆಯಬೇಕು ಎಂಬಲ್ಲಿ ಅದನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಬರಬೇಕು.

ಆ ಹುಚ್ಚು ಇಲ್ಲದೆ ಪುಟ ತುಂಬಿಸಲು ಹೋದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. 2009-10ರ ಸುಮಾರಿಗೆ ಗೂಗಲ್ ಕಂಪನಿ ತನ್ನ ಅನುವಾದ ಉಪಕರಣ ಬಳಸಿ, ದುಡ್ಡು ಕೊಟ್ಟು ಅನುವಾದಕರನ್ನು ಇಟ್ಟು, ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ಇಂಗ್ಲಿಷ್ ಲೇಖನಗಳನ್ನು ತಂದು ಸುರಿಯಿತು. ಉದ್ದುದ್ದ ಲೇಖನಗಳು, ಆದರೆ ಓದಲು ಬಾರದ ಕನ್ನಡ. ಬಂಗಾಳಿ, ತಮಿಳು ಬಳಗಗಳಿಂದಲೂ ತಕರಾರು ಬಂತು. ಸುರಿದವರು ಹೋದ ಮೇಲೆ ತಿದ್ದುವ ಕೆಲಸ ಮತ್ತೆ ಸಂಬಳವಿಲ್ಲದವರ ತಲೆಗೇ ಬಿತ್ತು.

ಬೈಲಹೊಂಗಲ, ರಾಮದುರ್ಗದ ಕಡೆಯವರಿಗೆ ಇನ್ನೊಂದು ತೊಡಕು ದೊಡ್ಡದು. ಈ ಸೀಮೆಯ ತಿಳಿವಳಿಕೆಯಲ್ಲಿ ಅರ್ಧಕ್ಕರ್ಧ ಅಚ್ಚಾಗಿಯೇ ಇಲ್ಲ. ಮೇಳದಲ್ಲಿ ಡಪ್ಪು ಹಿಡಿದವರ ಗಂಟಲಲ್ಲಿದೆ, ತೊರಗಲ್ಲ ಕೋಟೆಯ ಸುತ್ತಲಿನ ಮುದುಕರ ಬಾಯಲ್ಲಿದೆ. ಬೈಲಹೊಂಗಲದಲ್ಲಿ ನಡೆದದ್ದೆಂದು ಜನ ನಂಬುವ ಕೊಲೆಯೇ ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಯಿತು. ಆದರೆ ಅಲ್ಲಿಯವರು ‘ನಮ್ಮಜ್ಜ ಹೇಳತಿದ್ದ’ ಎಂದರೆ ಅಡಿಟಿಪ್ಪಣಿಯಾಗುವುದಿಲ್ಲ. 2011ರಲ್ಲಿ ಬೆಂಗಳೂರಿನ ಅಚಲ್ ಪ್ರಭಾಲ ಒಂದು ಪ್ರಯೋಗ ಮಾಡಿದ್ದರು. ಹಳ್ಳಿಯ ಆಟ, ಅಡುಗೆ ಬಲ್ಲವರ ಮಾತನ್ನು ಧ್ವನಿಮುದ್ರಿಸಿ, ಆ ಮುದ್ರಿಕೆಯನ್ನೇ ಆಧಾರವೆಂದು ಲೇಖನಕ್ಕೆ ಜೋಡಿಸುವುದು. ಮಲಯಾಳ, ಹಿಂದಿ, ದಕ್ಷಿಣ ಆಫ್ರಿಕಾದ ಸೆಪೇದಿ ಭಾಷೆಗಳಲ್ಲಿ ಅದು ನಡೆಯಿತು. ವಾದವೂ ಸಾಕಷ್ಟಾಯಿತು. ಮೊಬೈಲು ಎಲ್ಲರ ಕಿಸೆಯಲ್ಲಿರುವ ಈಗ ಅದನ್ನು ನಮ್ಮ ಕಡೆ ಯಾರಾದರೂ ಮತ್ತೆ ಕೈಗೆತ್ತಿಕೊಂಡರೆ ನಾನಂತೂ ಮೆಚ್ಚುತ್ತೇನೆ.

ಶುರು ಮಾಡಲು ಅಷ್ಟು ದೊಡ್ಡದೇನೂ ಬೇಕಿಲ್ಲ. ನಾಲ್ಕು ಸಾಲಿನ ಲೇಖನಕ್ಕೆ ಅಲ್ಲಿ ‘ಚುಟುಕು’ ಎನ್ನುತ್ತಾರೆ. ಅದಕ್ಕೆ ಐದನೆಯ ಸಾಲು ಸೇರಿಸಿದರೂ ಸೇವೆಯೇ. ಒಂದು ಹೆಸರಿನಿಂದ ಇನ್ನೊಂದಕ್ಕೆ ದಾರಿ ಹಾಕುವ ಪುಟ ಮಾಡುವುದು ಇನ್ನೂ ಸುಲಭ. ಊರವರಿಗೆ ಸವದತ್ತಿ, ಕೆಲವರಿಗೆ ಸೌಂದತ್ತಿ, ರಟ್ಟರ ಕಾಲದ ಶಾಸನಗಳಿಗೆ ಸುಗಂಧವರ್ತಿ. ಯಾವುದನ್ನು ಹುಡುಕಿದರೂ ಒಂದೇ ಪುಟ ತೆರೆಯುವಂತೆ ಮಾಡಬಹುದು. ಆ ಪುಟದ ನೆತ್ತಿಯ ಮೇಲೆ ಯಾವ ಹೆಸರಿರಬೇಕು? ಅದಕ್ಕೆ ಚರ್ಚೆಪುಟ ಇದ್ದೇ ಇದೆ.